ದಾಸ್ತಾನು ಪುಸ್ತಕದಲ್ಲಿ ಅಪ್ಪ

"ಹಲೋ. ಹಾಂ, ಕೇಳಿಸ್ತಿದೆ. ಯಾರು ಮಾತಾಡೋದು? ಈ ನಂಬರ್ ನನ್ನ ಹತ್ರ ಇಲ್ವಲ್ಲ."

…

"ಟ್ಯಾಕ್ಸಿಯವರಾ? ನಾನು ಯಾವ ಟ್ಯಾಕ್ಸಿನೂ ಕರೆದಿಲ್ವಲ್ಲ. ತಡೀರಿ, ನಿಮ್ಮ ಹಿಂದೆ ಯಾರೋ ಬೈತಿದ್ದಾರಲ್ಲ, ಯಾರದು? ಅವರಿಗೆ ಕೊಡಿ."

…

"ಅಕ್ಕಾ. ನೀನಾ? ಡ್ರೈವರ್ ಫೋನಿಂದ ಯಾಕೆ ಮಾಡ್ತಿದ್ದೀಯ? ... ಚಾರ್ಜ್ ಮುಗೀತಾ. ಸರಿ. ಎಲ್ಲಿದ್ದೀಯ ಈಗ?"

ಅವನು ಫೋನ್ ಹಿಡಿದುಕೊಂಡೇ ಕಾರಿಡಾರಿನ ಕಿಟಕಿಯಿಂದ ಬಗ್ಗಿ ನೋಡಿದ. ತರಬೇತಿ ಕೇಂದ್ರದ ಗೇಟಿನಾಚೆ ಒಂದು ಟ್ಯಾಕ್ಸಿ ನಿಂತಿತ್ತು. ಅದರ ಹಿಂದಿನ ಸೀಟಿನಿಂದ ಒಂದು ಕೈ ಹೊರಗೆ ಬಂದು, ಎರಡನೇ ಮಹಡಿಯ ಕಡೆಗೆ ಬೆರಳು ಮಾಡಿ, ಮತ್ತೆ ಒಳಗೆ ಹೋಯಿತು. ಅಷ್ಟು ದೂರದಿಂದಲೂ ಆ ಬೆರಳಿಗೆ ಸಿಟ್ಟು ಬಂದಿರುವುದು ತಿಳಿಯುತ್ತಿತ್ತು.

"ಕಾಣಿಸ್ತಿದ್ದೀಯ, ಕಾಣಿಸ್ತಿದ್ದೀಯ. ಅಪ್ಪ ಚೆನ್ನಾಗಿದ್ದಾರೆ. ಇಲ್ಲೇ ಇದ್ದಾರೆ, ಪಕ್ಕದ ಕೋಣೇಲಿ."

…

"ಐದರೊಳಗೆ ಆಸ್ಪತ್ರೇಲಿರಬೇಕು, ಗೊತ್ತು ಅಕ್ಕಾ. ಇಲ್ಲದಿದ್ರೆ ಹಾಸಿಗೆ ಬೇರೆಯವರಿಗೆ ಕೊಡ್ತಾರೆ, ಗೊತ್ತು. ಈ ಸಲ ಆಪರೇಷನ್ ತಪ್ಪಿದ್ರೆ ಮುಂದಿನ ವರ್ಷವೇ, ಅಷ್ಟರಲ್ಲಿ ಅಪ್ಪನ ಎಡಗಣ್ಣು ಪೂರ್ತಿ ಹೋಗಿರುತ್ತೆ, ಅದೂ ಗೊತ್ತು. ಎಲ್ಲಾ ಗೊತ್ತು."

…

"ಕಳಿಸೋಕೆ ಆಗ್ತಿಲ್ಲ."

ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು, ಅಲ್ಲಿಂದ ಬರುವುದೆಲ್ಲ ಬಂದು ಮುಗಿಯಲಿ ಎಂದು ಕಾದ.

ಪೌರನೀತಿ ಪಾಠವನ್ನು ಪುಸ್ತಕದಿಂದ ಓದಿ ಹೇಳದೆ, ಮೂಲ ಆಕರಗಳನ್ನು ಮಕ್ಕಳ ಮುಂದಿಟ್ಟು ಹೇಗೆ ಕಲಿಸಬೇಕೆಂದು ಶಿಕ್ಷಕರಿಗೆ ತರಬೇತಿ ಕೊಡುವುದು ಅವನ ಕೆಲಸ. ಹಳೆಯ ಠರಾವು, ಮತಪತ್ರ, ಸಭೆಯ ನಡಾವಳಿ, ಹೀಗೆ ಘಟನೆ ನಡೆದಾಗ ಅಲ್ಲೇ ಇದ್ದದ್ದೆಲ್ಲ ಮೂಲ ಆಕರ. ಆಮೇಲೆ ಕೇಳಿ ಹೇಳಿದ್ದು, ಇನ್ನೊಂದನ್ನು ನೋಡಿ ಬರೆದದ್ದು ದ್ವಿತೀಯ ಆಕರ. ಈ ಸಲದ ತರಬೇತಿಗೆ ನಗರಸಭೆಯ ಹಳೆಯ ನಡಾವಳಿ ಕೇಳಿದ್ದ. ಹುಳಕ್ಕೆ ಔಷಧಿ ಹೊಡೆಸಿದ್ದೇವೆ, ವಾಸನೆ ಇಳಿಯುವ ತನಕ ಯಾರೂ ಬರಬೇಡಿ ಎಂದು ಅವರು ದಾಖಲೆ ಕೋಣೆಯ ಬಾಗಿಲು ಮುಚ್ಚಿಕೊಂಡರು. ಅವನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಬರಿಗೈಯಲ್ಲಿ ತರಗತಿಗೆ ಹೋಗುವ ಧೈರ್ಯವಿರಲಿಲ್ಲ. ಹಾಗಾಗಿ ಬೆಳಿಗ್ಗೆ ಅಪ್ಪನನ್ನೇ ಕರೆದುಕೊಂಡು ಬಂದಿದ್ದ. ಅಪ್ಪ ನಗರಸಭೆಯಲ್ಲಿ ಜವಾನರಾಗಿದ್ದವರು. ಊರಿನ ಉದ್ಯಾನದ ಬೇಲಿ ಕಿತ್ತು ಎಲ್ಲರಿಗೂ ಬಿಟ್ಟುಕೊಡುವ ಠರಾವು ಪಾಸಾದಾಗ ತಾನು ಆ ಕೋಣೆಯಲ್ಲೇ ಇದ್ದೆ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದವರು.

"ಮುಗೀತಾ? ಈಗ ನಾನು ಹೇಳ್ಲಾ? ... ಬೆಳಿಗ್ಗೆ ಬಂದ ತಕ್ಷಣ ಸ್ಟೋರಿನವರು ಕೇಳಿದ್ರು, ಇವತ್ತಿನ ಮೂಲ ಆಕರ ಎಲ್ಲಿ ಅಂತ. ನಾನು ಅಪ್ಪನ್ನ ತೋರಿಸಿದೆ. ಅವರು ಬರ್ಕೊಂಡ್ರು."

…

"ದಾಸ್ತಾನು ಪುಸ್ತಕದಲ್ಲಿ."

…

"ನಾನು ತಮಾಷೆ ಮಾಡ್ತಿಲ್ಲ. ಇಲ್ಲಿಗೆ ಬರೋ ಮೂಲ ಆಕರ ಪ್ರತಿಯೊಂದೂ ದಾಸ್ತಾನಿಗೆ ಹತ್ತಬೇಕು, ನಿರ್ದೇಶಕರ ರುಜು ಇಲ್ಲದೆ ಗೇಟು ದಾಟಬಾರದು. ಹೋದ ವರ್ಷ ಯಾರೋ ಮೇಷ್ಟ್ರು ಹಳೇ ಮತಪತ್ರಗಳನ್ನ ಮನೆಗೆ ಒಯ್ದು ಮಗನ ಪುಸ್ತಕಕ್ಕೆ ರಟ್ಟು ಹಾಕಿಬಿಟ್ರು. ಆವತ್ತಿಂದ ಈ ನಿಯಮ."

…

"ಮನುಷ್ಯರು ಅಂತ ನಾನೂ ಹೇಳ್ದೆ ಅಕ್ಕಾ. ಪುಸ್ತಕದಲ್ಲಿ ಆ ಕಾಲಂ ಇಲ್ಲವಂತೆ. ಕಾಗದ, ಲೋಹ, ಬಟ್ಟೆ, ಇತರೆ. ಅಪ್ಪ ಇತರೆ."

ಕೋಣೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಒಡೆದ ಗೋಳ, ಸುತ್ತಿಟ್ಟ ಭೂಪಟಗಳ ನಡುವೆ ಅಪ್ಪ ಕೈಯಿರುವ ಕುರ್ಚಿಯಲ್ಲಿ ಕೂತಿದ್ದರು. ಅಂಗಿಯ ಮೇಲಿನ ಗುಂಡಿಗೆ ಸ್ಟೋರಿನವರು ದಾರ ಕಟ್ಟಿ ಒಂದು ಚೀಟಿ ನೇತುಹಾಕಿದ್ದರು. ಸ್ಥಿತಿ: ಸಾಧಾರಣ. ಎಡಗಡೆ ಸ್ವಲ್ಪ ಮಸುಕು. ಬಿಸಿಲು ತಾಗಬಾರದೆಂದು ಪರದೆ ಎಳೆದಿತ್ತು. ಎದುರಿಗೆ ನಾಲ್ಕು ಸಾಲಿನಲ್ಲಿ ಶಿಕ್ಷಕರು ಕೂತು ಬರೆದುಕೊಳ್ಳುತ್ತಿದ್ದರು. ಇಷ್ಟು ಜನ ಬಾಯಿ ಮುಚ್ಚಿಕೊಂಡು ಅಪ್ಪನ ಮಾತು ಕೇಳಿದ್ದು ಅವರ ಜೀವಮಾನದಲ್ಲಿ ಇದೇ ಮೊದಲು. ಮುಖಕ್ಕೆ ಹತ್ತು ವರ್ಷ ಕಡಿಮೆಯಾಗಿತ್ತು.

"ಊಟ ಆಯ್ತು, ಕಾರಿಡಾರಿಗೆ ಕರ್ಕೊಂಡು ಬಂದು ಮಾಡಿಸ್ದೆ. ಟೀ ಮಾತ್ರ ಇಲ್ಲ. ಮೂಲ ಆಕರದ ಹತ್ತಿರ ದ್ರವ ಪದಾರ್ಥ ಒಯ್ಯೋ ಹಾಗಿಲ್ಲವಂತೆ."

…

"ನೀರು ಕೊಟ್ಟಿದ್ದೀನಿ. ಕದ್ದು."

…

"ನೀನು ಒಳಗೆ ಬರೋಕೆ ಆಗಲ್ಲ. ಗೇಟಿನವನು ಬಿಡಲ್ಲ. ದಾಸ್ತಾನಿನ ಹತ್ತಿರ ಹೊರಗಿನವರು... ಅಕ್ಕಾ, ಅವನ ಮೇಲೆ ಕೂಗಾಡಬೇಡ, ಅವನು ದೊಣ್ಣೆ ಹಿಡ್ಕೊಂಡು ನಿಂತಿದ್ದಾನೆ, ನನಗೆ ಕಾಣಿಸ್ತಿದೆ. ವಾಪಸ್ ಕೂತ್ಕೋ. ಕೂತ್ಕೋ ಟ್ಯಾಕ್ಸೀಲಿ."

…

"ನಿರ್ದೇಶಕರು ಇಲ್ಲ. ಫೋನ್ ಆಫ್ ಮಾಡ್ಕೊಂಡಿದ್ದಾರೆ. ಕಚೇರಿ ವಿಧಾನ ಸರಳ ಮಾಡೋದು ಹೇಗೆ ಅಂತ ಒಂದು ಶಿಬಿರ, ಅದಕ್ಕೆ ಹೋಗಿದ್ದಾರೆ."

ಸ್ಟೋರಿನವರು ಬಂದು ಅವನ ಪಕ್ಕ ನಿಂತರು. ತೆಳ್ಳಗಿನ ಮನುಷ್ಯ, ದಾಸ್ತಾನು ಪುಸ್ತಕವನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡಿದ್ದರು. ಮನಸ್ಸು ಕೆಟ್ಟದ್ದಲ್ಲ. ಬೆಳಿಗ್ಗೆಯಿಂದ ದಾರಿ ಹುಡುಕುತ್ತಲೇ ಇದ್ದರು. ಅವನ ಕಿವಿಯಲ್ಲಿ ಏನೋ ಹೇಳಿದರು.

"ಅಕ್ಕಾ, ಸ್ಟೋರಿನವರು ಹೇಳ್ತಿದ್ದಾರೆ, ಅಷ್ಟು ಅವಸರ ಇದ್ರೆ ಜೆರಾಕ್ಸ್ ಪ್ರತಿ ಒಯ್ಯಬಹುದಂತೆ."

…

"ಅಪ್ಪನದೇ. ಅಂಗೈದು ತೆಗೆದಿದ್ದಾರೆ. ಚೆನ್ನಾಗಿ ಬಂದಿದೆ... ಇಲ್ಲ, ಜೆರಾಕ್ಸಿಗೆ ಆಪರೇಷನ್ ಮಾಡೋಕಾಗಲ್ಲ, ಅದು ನನಗೂ ಗೊತ್ತು. ಅವರು ಹೇಳಿದ್ದನ್ನ ನಿನಗೆ ಹೇಳ್ದೆ ಅಷ್ಟೇ."

…

"ಇನ್ನೊಂದು ದಾರಿ ಇದೆಯಂತೆ. ಬಳಕೆಗೆ ಯೋಗ್ಯವಲ್ಲ ಅಂತ ಬರೆದು ದಾಸ್ತಾನಿಂದ ತೆಗೆದುಹಾಕೋದು. ಅದಕ್ಕೆ ನಿರ್ದೇಶಕರು ಬೇಡ, ಇಬ್ಬರು ಸಾಕ್ಷಿ ಸಾಕು... ಆಮೇಲೆ? ತಡಿ, ಕೇಳ್ತೀನಿ. ಆಮೇಲೆ ಏನ್ ಮಾಡ್ತೀರ ಸಾರ್? ... ಸಾಕ್ಷಿಗಳ ಎದುರಿಗೇ ಹಿತ್ತಲಲ್ಲಿ ಸುಡಬೇಕಂತೆ."

…

"ಬೇಡ ಅಂತ ನಾನೂ ಹೇಳ್ದೆ. ನಾನೇನು ಬೇರೆ ಮನೆಯವನಾ? ಯಾಕೆ ನನ್ನ ಮೇಲೆ ಹರಿಹಾಯ್ತೀಯ?"

ಒಳಗೆ ನಗು ಕೇಳಿತು. ಅಪ್ಪ ನೊಣದ ಕಥೆಗೆ ಬಂದಿದ್ದರು. ಆ ದಿನ ಸಭೆಯಲ್ಲಿ ಪರ ಏಳು, ವಿರೋಧ ಏಳು. ಅಧ್ಯಕ್ಷರು ಯಾರ ಕಡೆಗೂ ಹೋಗಲಾರದೆ ಒದ್ದಾಡುತ್ತಿದ್ದರು. ಅವರ ಮೂಗಿನ ಮೇಲೊಂದು ನೊಣ ಕೂತಿತು. ಓಡಿಸಲು ಕೈ ಎತ್ತಿದರು. ಕಾರ್ಯದರ್ಶಿ ಅದನ್ನು ಮತವೆಂದು ಎಣಿಸಿಬಿಟ್ಟರು. ಗೋಡೆಯ ಗಡಿಯಾರ ಹನ್ನೊಂದು ಹೊಡೆಯಿತು, ಉದ್ಯಾನ ಊರಿನದಾಯಿತು. ಈ ಕಥೆಯಿಂದ ನಿರ್ಣಾಯಕ ಮತದ ಪಾಠ ಮಾಡಬಹುದು ಎಂಬ ಲೆಕ್ಕಾಚಾರದಲ್ಲೇ ಅವನು ಅಪ್ಪನನ್ನು ಕರೆತಂದದ್ದು. ಆದರೆ ಶಿಕ್ಷಕರು ಅವನಿಂದಲೇ ಕಲಿತದ್ದನ್ನು ಈಗ ಬಿಡಲೊಲ್ಲರು. ನಿಮ್ಮನ್ನು ಸೃಷ್ಟಿಸಿದವರು ಯಾರು, ಯಾವ ಉದ್ದೇಶಕ್ಕೆ, ನಿಮ್ಮಲ್ಲಿ ಬಿಟ್ಟುಹೋದದ್ದೇನು ಎಂದು ಮುಂದಿನ ಸಾಲಿನ ದಪ್ಪ ಕನ್ನಡಕದ ಮೇಡಂ ಅಪ್ಪನಿಗೆ ಎರಡು ಸಲ ಕೇಳಿಯಾಗಿತ್ತು. ಸೃಷ್ಟಿಸಿದವರು ನಮ್ಮಪ್ಪ, ಉದ್ದೇಶ ಅವರು ಹೇಳಿಲ್ಲ, ಬಿಟ್ಟುಹೋದದ್ದು ಟೀ ಎಂದು ಅಪ್ಪ ಉತ್ತರಿಸಿದ್ದರು.

ಮೇಡಂ ಈಗ ಎದ್ದು ಬಾಗಿಲಿಗೇ ಬಂದರು. ಸ್ಟೋರಿನವರ ಜೊತೆ ಗುಸುಗುಸು ನಡೆಯಿತು. ಅವನ ಮುಖ ಅರಳಿತು.

"ಅಕ್ಕಾ, ದಾರಿ ಸಿಕ್ತು. ಕೇಳು. ದಾಸ್ತಾನಿಗೆ ಹತ್ತೋದು ಮೂಲ ಆಕರ ಮಾತ್ರ. ದ್ವಿತೀಯ ಆಕರಾನ ಯಾರು ಬೇಕಾದ್ರೂ ಎತ್ಕೊಂಡು ಹೋಗಬಹುದು, ಹೇಳೋರಿಲ್ಲ ಕೇಳೋರಿಲ್ಲ. ಅಪ್ಪ ಆವತ್ತು ಆ ಸಭೇಲಿ ಇರಲಿಲ್ಲ ಅಂತಾದ್ರೆ ಅವರು ದ್ವಿತೀಯ. ಈ ಕ್ಷಣವೇ ಬಿಡ್ತಾರೆ."

…

"ಇದ್ರು ಅಂತಲೇ ಹೇಳ್ತಿದ್ದಾರೆ. ಇರಲಿಲ್ಲ ಅಂತ ಒಂದು ಮಾತು ಹೇಳಿ ಅಪ್ಪಾ ಅಂದ್ರೆ ಕೇಳಲ್ಲ. ಕಣ್ಣು ಹೋದ್ರೆ ಹೋಗಲಿ, ಮರ್ಯಾದೆ ಹೋಗಬಾರದು ಅಂತಾರೆ. ಅದಕ್ಕೇ ನಿನ್ನ ಕೇಳ್ತಿದ್ದೀನಿ, ಅಪ್ಪ ಆವತ್ತು ಬೇರೆ ಎಲ್ಲಾದ್ರೂ ಇದ್ರಾ, ಏನಾದ್ರೂ ನೆನಪಿದೆಯಾ?"

…

"ಯಾವತ್ತು ಅಂದ್ರೆ... ತಾರೀಖು ಉದ್ಯಾನದ ಬಾಗಿಲ ಕಲ್ಲಿನ ಮೇಲೆ ಕೆತ್ತಿದೆಯಂತೆ. ಮೇಡಂ, ಏನದು ತಾರೀಖು? ... ಜೂನ್ ಹದಿನೇಳು. ಆ ವರ್ಷ ಮಂಗಳವಾರ."

…

"ಅಕ್ಕಾ? ಇದ್ದೀಯಾ?"

…

"ಹಾಂ. ಹೌದಲ್ವಾ. ನಿನ್ನ ಹುಟ್ಟಿದ ದಿನ. ಮರೆತಿರಲಿಲ್ಲ... ಸರಿ, ಮರೆತಿದ್ದೆ. ವರ್ಷಾನೂ ಅದೇನಾ?"

…

"ಹೌದು, ಆ ಕಥೆ ಗೊತ್ತು. ನರ್ಸ್ ಬಿಳೀ ಟವೆಲಿನಲ್ಲಿ ಸುತ್ತಿ ನಿನ್ನನ್ನ ಅಪ್ಪನ ಕೈಗೆ ಕೊಟ್ರು, ನಿನ್ನನ್ನ ಮೊದಲು ಎತ್ಕೊಂಡಿದ್ದೇ ಅಪ್ಪ, ನೀನು ಅವರ ಮುಖಕ್ಕೇ ಸೀನಿದೆ, ಆಗ ಆಸ್ಪತ್ರೆ ಗಡಿಯಾರ..."

ಅವನು ಅಲ್ಲಿಗೇ ನಿಂತ. ಎರಡು ಕಥೆಗಳನ್ನೂ ಅವನು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದ. ಒಂದನ್ನು ನೆಂಟರು ಬಂದಾಗ, ಇನ್ನೊಂದನ್ನು ಅಕ್ಕನ ಹುಟ್ಟುಹಬ್ಬಕ್ಕೆ. ಎರಡರಲ್ಲೂ ಗಡಿಯಾರ ಹನ್ನೊಂದು ಹೊಡೆಯುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕೆಂದು ಮನೆಯಲ್ಲಿ ಯಾರಿಗೂ ತೋಚಿರಲಿಲ್ಲ. ಬೇರೆಯವರಿಗೆ ಅದನ್ನೇ ಕಲಿಸಿ ಸಂಬಳ ತೆಗೆದುಕೊಳ್ಳುವ ಅವನಿಗೂ.

"ಹಾಂ, ಹಾಂ. ಒಳ್ಳೇದೇ ಆಯ್ತಲ್ಲ ಅಕ್ಕಾ. ಅಪ್ಪ ನಿನ್ನ ಹತ್ರ ಇದ್ರು ಅಂದ್ಮೇಲೆ ಸಭೇಲಿ ಇರಲಿಲ್ಲ. ದ್ವಿತೀಯ. ಮುಗೀತು. ಸ್ಟೋರಿನವರೇ, ಪುಸ್ತಕ ತೆಗೀರಿ, ನಮ್ಮಕ್ಕ ಹುಟ್ಟಿದ್ದು ಅದೇ ದಿನ, ಅದೇ ಹೊತ್ತು. ಅಪ್ಪ ಹೆರಿಗೆ ಆಸ್ಪತ್ರೇಲಿದ್ರು."

ಒಳಗಿನಿಂದ ಅಪ್ಪನ ದನಿ ಕೇಳಿಸಿತು. ಆಸ್ಪತ್ರೆಯೂ ಇಲ್ಲ ಗೀಸ್ಪತ್ರೆಯೂ ಇಲ್ಲ, ನಾನು ಸಭೆಯಲ್ಲೇ ಇದ್ದೆ, ನೊಣ ನನ್ನ ಕಣ್ಣಾರೆ ನೋಡಿದ್ದೇನೆ ಎಂದು ಕುರ್ಚಿಯ ಕೈ ತಟ್ಟಿ ಹೇಳಿದರು. ಅವನು ಫೋನಿನ ಬಾಯಿ ಮುಚ್ಚುವುದರೊಳಗೆ ಆ ಮಾತು ಗೇಟಿನಾಚೆಯ ಟ್ಯಾಕ್ಸಿ ತಲುಪಿಯಾಗಿತ್ತು.

"ಅಕ್ಕಾ, ಅವರು ಸುಮ್ಮನೆ ಹಟಕ್ಕೆ... ಇಲ್ಲ, ಹಾಗಲ್ಲ... ಅದು ಬೇರೆ, ಇದು ಬೇರೆ... ಈಗ ಮೊದಲು ಕಣ್ಣು, ಆಮೇಲೆ ಜಗಳ, ಆಗದಾ?"

…

"ಐದಾಗೋಕೆ ಹೆಚ್ಚು ಹೊತ್ತಿಲ್ಲ ಅಂತ ನೀನೇ ಹೇಳಿದೆಯಲ್ವಾ."

…

"ಸರಿ. ಕೊಡ್ತೀನಿ. ಅವರಿಗೇ ಕೊಡ್ತೀನಿ, ನೀನೇ ಕೇಳು."

ಮೂಲ ಆಕರವನ್ನು ಕೈಗವಸಿಲ್ಲದೆ ಮುಟ್ಟುವಂತಿಲ್ಲ ಎಂದು ಸ್ಟೋರಿನವರು ಅಡ್ಡ ಬಂದರು. ಅವನು ಫೋನಿನ ಮೇಲೆ ಕರವಸ್ತ್ರ ಹಾಕಿ ಅಪ್ಪನ ಕಿವಿಗೆ ಹಿಡಿದ. ಶಿಕ್ಷಕರೆಲ್ಲ ಪೆನ್ನು ಬಿಚ್ಚಿದರು.

"ಹಲೋ. ಯಾರು? ... ಏನಮ್ಮಾ, ಬಂದ್ಯಾ? ಊಟ ಮಾಡ್ದ್ಯಾ?"

…

"ಇದ್ದೆ."

…

"ಅಲ್ಲೂ ಇದ್ದೆ."

…

"ಎರಡೂ ಕಡೆ ಇದ್ದೆ ಅಂದ್ರೆ ಇದ್ದೆ. ಆಗೆಲ್ಲ ಊರು ಇಷ್ಟು ದೊಡ್ಡದಿರಲಿಲ್ಲ."

ಮೇಡಂ ಆಗಲೇ ಬೋರ್ಡಿನ ಮೇಲೆ ಎರಡು ಚೌಕ ಬರೆದು, ಒಂದಕ್ಕೆ ಸಭೆ, ಇನ್ನೊಂದಕ್ಕೆ ಹೆರಿಗೆ ಎಂದು ಹೆಸರಿಟ್ಟು, ನಡುವೆ ಒಂದು ಗೆರೆ ಎಳೆದಿದ್ದರು. ಆ ಗೆರೆಯ ಮೇಲೆ ಸೈಕಲ್ಲಿನಲ್ಲಿ ಹೋದರೆ ಎಷ್ಟು ಹೊತ್ತಾಗುತ್ತದೆ ಎಂದು ಹಿಂದಿನ ಸಾಲಿನವರು ತಮ್ಮತಮ್ಮಲ್ಲೇ ವಾದಕ್ಕಿಳಿದಿದ್ದರು. ಅಪ್ಪ ಬೋರ್ಡಿನ ಕಡೆ ನೋಡಿದರು. ಎಡಗಣ್ಣಿಗೆ ಅದು ಬಿಳಿ ಮಂಜಿನ ಹಾಗೆ ಕಂಡಿರಬೇಕು, ಬಲಗಣ್ಣು ಮುಂದೆ ತಂದು ಇನ್ನೊಮ್ಮೆ ನೋಡಿದರು.

"ನೊಣ ಮೂಗಿನ ಯಾವ ಕಡೆ ಕೂತಿತ್ತು ಅಂತ ಈ ಮೇಡಂ ಕೇಳ್ತಿದ್ದಾರೆ. ನಿನ್ನನ್ನ ಎತ್ಕೊಂಡಾಗ ಎಷ್ಟು ಭಾರ ಇದ್ದೆ ಅಂತ ನೀನು ಕೇಳ್ತೀಯ. ಒಬ್ಬೊಬ್ಬರಾಗಿ ಕೇಳಿ, ನನಗೂ ವಯಸ್ಸಾಗಿದೆ."

…

"ಹಗುರ ಇದ್ದೆ. ಮಕ್ಕಳೆಲ್ಲ ಹಗುರವೇ."

…

"ಅಲ್ಲಮ್ಮಾ, ಅಳಬೇಡ. ಟ್ಯಾಕ್ಸಿಯವನು ಏನಂದ್ಕೋತಾನೆ."

…

"ನೋಡು. ಬೆಳಿಗ್ಗೆ ಸಭೆ ಶುರುವಾಯ್ತು. ಆಸ್ಪತ್ರೆಯಿಂದ ಕರೆ ಬಂತು, ನೋವು ಶುರುವಾಗಿದೆ ಅಂತ. ಕಾರ್ಯದರ್ಶಿಗಳನ್ನ ಕೇಳಿ ಸೈಕಲ್ ಹತ್ತಿದೆ. ಹೋದೆ. ಬಾಗಿಲ ತನಕ ಹೋದೆ. ನಿಮ್ಮಮ್ಮ ಒಳಗಿಂದ ಕೂಗ್ತಿದ್ದದ್ದು ಬೀದಿಗೆಲ್ಲ ಕೇಳ್ತಿತ್ತು. ಒಳಗೆ ಕಾಲಿಡೋಕೆ ಹೆದರಿಕೆ ಆಯ್ತು. ಸೈಕಲ್ ಸ್ಟ್ಯಾಂಡಿನಲ್ಲಿ ಕೂತೆ."

…

"ಕೂತೇ ಇದ್ದೆ. ಒಳಗೂ ಹೋಗಲಿಲ್ಲ, ವಾಪಸ್ಸೂ ಹೋಗಲಿಲ್ಲ. ಒಂದು ಗಡಿಯಾರ ಹನ್ನೊಂದು ಹೊಡೀತು. ಅದು ಯಾವುದೋ ಬಟ್ಟೆ ಅಂಗಡೀದು."

…

"ಟವೆಲು, ಸೀನು ಎಲ್ಲ ನರ್ಸ್ ಹೇಳಿದ್ದು. ನೊಣ ಕಾರ್ಯದರ್ಶಿ ಹೇಳಿದ್ದು. ಇಬ್ಬರೂ ಸುಳ್ಳು ಹೇಳೋರಲ್ಲ."

…

"ಯಾರು ಎತ್ಕೊಂಡ್ರೋ ನನಗೆ ಹೇಗೆ ಗೊತ್ತಾಗುತ್ತಮ್ಮಾ? ನಾನು ಸ್ಟ್ಯಾಂಡಿನಲ್ಲಿದ್ದೆ."

ಶಿಕ್ಷಕರ ಪೆನ್ನುಗಳು ಓಡುತ್ತಲೇ ಇದ್ದವು. ಕೊನೆಗೆ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು ತೀರ್ಪು ಕೊಟ್ಟರು. ಸಭೆಗೆ ಇವರು ದ್ವಿತೀಯ. ಹೆರಿಗೆಗೂ ದ್ವಿತೀಯ. ಸೈಕಲ್ ಸ್ಟ್ಯಾಂಡಿಗೆ ಮೂಲ ಆಕರ, ಆದರೆ ಅದು ಪಠ್ಯಕ್ರಮದಲ್ಲಿ ಬರುವುದಿಲ್ಲ. ಕೈ ಎತ್ತಿ ಎಂದರು, ಎಲ್ಲರೂ ಎತ್ತಿದರು. ಸ್ಟೋರಿನವರು ದಾಸ್ತಾನು ಪುಸ್ತಕ ತೆರೆದು, ಕೆಂಪು ಶಾಯಿಯಲ್ಲಿ ಅಪ್ಪನ ಮೇಲೆ ಉದ್ದಕ್ಕೆ ಗೆರೆ ಎಳೆದು, ಪಕ್ಕದಲ್ಲಿ ರುಜು ಹಾಕಿದರು. ಟೀ ತರಿಸಿದ್ದೂ ಅವರೇ.

ಅಪ್ಪ ಒಂದೇ ಗುಟುಕಿಗೆ ಅರ್ಧ ಲೋಟ ಖಾಲಿ ಮಾಡಿದರು. ಮುಂದಿನ ಸಾಲಿನವರು ಆಗಲೇ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ನೊಣ ನಿಜಕ್ಕೂ ಕೂತಿತ್ತು ಕಣ್ರೀ ಎಂದು ಅಪ್ಪ ಹೇಳಿದ್ದಕ್ಕೆ ಯಾರೂ ತಲೆ ಎತ್ತಲಿಲ್ಲ.

ಅವನು ಫೋನು ತೆಗೆದುಕೊಂಡು ಕಾರಿಡಾರಿಗೆ ಬಂದ.

"ಅಕ್ಕಾ, ನಾನು. ಬಿಟ್ರು. ಕೆಳಗೆ ಕಳಿಸ್ತಿದ್ದೀನಿ. ದಾರಿ ಖಾಲಿ ಇದ್ರೆ ಐದರೊಳಗೆ ತಲುಪ್ತೀರ."

…

"ಅಕ್ಕಾ, ದಾರೀಲಿ ಅವರ ಮೇಲೆ ಹರಿಹಾಯಬೇಡ."

…

"ಅಮ್ಮನಿಗೆ ಗೊತ್ತಿತ್ತಾ ಅಂತ ನನಗೇನು ಗೊತ್ತು? ನಾನು ಆಗ ಹುಟ್ಟೇ ಇರಲಿಲ್ಲ. ಅಮ್ಮ ಇದ್ದಿದ್ರೆ ಕೇಳಬಹುದಿತ್ತು."

…

"ಹೆದರಿದ್ದು ತಪ್ಪಾ? ನಾನೂ ಹೆದರ್ತಿದ್ದೆನೇನೋ... ಹಾಂ. ಹಾಂ, ಅದು ಸರಿ. ಹೆದರಿದ್ದಕ್ಕಲ್ಲ, ನಲವತ್ತು ಹುಟ್ಟುಹಬ್ಬಕ್ಕೂ ರೈಲು ಬಿಟ್ಟಿದ್ದಕ್ಕೆ ನಿನಗೆ ಸಿಟ್ಟು."

…

"ನಾನು ಹುಟ್ಟಿದಾಗ ಎಲ್ಲಿದ್ರು ಅಂತಾನಾ?"

ಅಪ್ಪ ಆಗ ಅವನ ಪಕ್ಕದಲ್ಲೇ ಮೆಟ್ಟಿಲಿಗೆ ಹೋಗುತ್ತಿದ್ದರು, ಒಂದು ಕೈ ಗೋಡೆಯ ಮೇಲೆ, ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡವಿಕೊಂಡು. ಸ್ಟೋರಿನವರು ತೋಳು ಹಿಡಿದಿದ್ದರು. ಈಗ ಕೈಗವಸು ಬೇಕಿರಲಿಲ್ಲ. ಅವನ ಬಗ್ಗೆಯೂ ಒಂದು ಕಥೆ ಮನೆಯಲ್ಲಿ ಇತ್ತು. ಅದರಲ್ಲಿ ಕೊಡೆಯೊಂದು ಮುರಿಯುತ್ತಿತ್ತು, ಅಪ್ಪ ಓಡೋಡಿ ಬರುತ್ತಿದ್ದರು. ಬಾಯಿ ತೆರೆದರೆ ಸಾಕಿತ್ತು, ಅಪ್ಪ ಒಂದು ಕೈಯಳತೆಯ ದೂರದಲ್ಲಿದ್ದರು.

"ಇಲ್ಲ ಅಕ್ಕಾ. ನಾನು ಕೇಳಲ್ಲ."

…

"ನೀನು ಏನು ಬೇಕಾದ್ರೂ ಅನ್ನು. ಕೇಳಲ್ಲ. ಆಸ್ಪತ್ರೇಲಿ ರಾತ್ರಿ ಅವರ ಹತ್ರ ಯಾರಿರ್ತಾರೆ? ನೀನಿರ್ತೀಯಾ, ನಾನು ಬರ್ಲಾ? ... ಅಕ್ಕಾ? ನೀನಿರ್ತೀಯ ಅಲ್ವಾ?"

ಕರೆ ಕಡಿದುಹೋಯಿತು. ಚಾರ್ಜು ಡ್ರೈವರನ ಫೋನಿನಲ್ಲಿ ಇದ್ದೇ ಇತ್ತು, ಇಟ್ಟದ್ದು ಅಕ್ಕನೇ. ಅವನು ಕಿಟಕಿಗೆ ಹೋಗಿ ನಿಂತ. ಅಪ್ಪ ಗೇಟು ದಾಟುತ್ತಿದ್ದರು. ಗೇಟಿನವನು ಸ್ಟೋರಿನವರು ಬರೆದುಕೊಟ್ಟ ಪಾಸು ಇಸಿದುಕೊಂಡು ದಾರಿ ಬಿಟ್ಟ. ಟ್ಯಾಕ್ಸಿಯ ಬಾಗಿಲು ತೆರೆಯಿತು. ಅಕ್ಕ ಹಿಂದಿನ ಸೀಟಿನಿಂದ ಇಳಿದಳು, ಅಪ್ಪನ ತಲೆಗೆ ಕಾರಿನ ಚಾವಣಿ ತಾಗದ ಹಾಗೆ ಅಂಗೈ ಅಡ್ಡ ಹಿಡಿದು ಅವರನ್ನು ಒಳಗೆ ಕೂರಿಸಿದಳು, ಬಾಗಿಲು ಹಾಕಿದಳು. ಆಮೇಲೆ ಸುತ್ತು ಹಾಕಿ ಹೋಗಿ ಮುಂದೆ ಡ್ರೈವರನ ಪಕ್ಕ ಕೂತಳು.